ಕಲ್ಲನ್ನೇ ಕೇಳಿ ನೋಡಬೇಕು

ಬೆಳಗಾವಿಯಿಂದ ಗೋವೆಗೆ ಹೊರಟ ಬಸ್ಸು ಖಾನಾಪುರ, ಲೋಂಡಾಗಳನ್ನು ದಾಟಿದ ಮೇಲೆ ಸಿಗುವ ಊರು ರಾಮನಗರ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿಗೆ ಸೇರಿದ ಈ ಊರಿಗೂ ವಿದ್ಯುತ್ ದೀಪಕ್ಕೂ ಹತ್ತಿರದ ನಂಟು. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ, ದೇವಸ್ಥಾನಗಳನ್ನು ನೀರಿಗೆ ಬಿಟ್ಟು ಬಂದ ಎಷ್ಟೋ ಕುಟುಂಬಗಳು ನೆಲೆ ನಿಂತದ್ದು ಇಲ್ಲಿಯೇ. ಹಿಂದೆ ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಪೇಟೆ ಇಂದು ಜಲಾಶಯದ ತಳದಲ್ಲಿದೆ.

1987ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ಎತ್ತರ 101 ಮೀಟರ್. ಜಲಾಶಯ ಭರ್ತಿಯಾದಾಗ ಅದರಲ್ಲಿ ಸುಮಾರು 147 ಟಿಎಂಸಿ ನೀರು ನಿಲ್ಲುತ್ತದೆ. ತೂಕದ ಲೆಕ್ಕದಲ್ಲಿ ಹೇಳುವುದಾದರೆ ಇದು ಸುಮಾರು 417 ಕೋಟಿ ಟನ್. ಈ ಭಾರವನ್ನು ಹೊತ್ತಿರುವುದು ಯಾರು? ಅಣೆಕಟ್ಟು ಎಂದು ಹೆಚ್ಚಿನವರು ಹೇಳುತ್ತಾರೆ. ಅಣೆಕಟ್ಟು ನೀರನ್ನು ಪಕ್ಕದಿಂದ ತಡೆದು ನಿಲ್ಲಿಸುತ್ತದೆ, ಅಷ್ಟೆ. ಭಾರವನ್ನು ಹೊತ್ತಿರುವುದು ತಳದ ಕಲ್ಲು. ಅಣೆಕಟ್ಟನ್ನು ಹೊತ್ತಿರುವುದೂ ಅದೇ ಕಲ್ಲು. ಬೊಮ್ಮನಹಳ್ಳಿಯಿಂದ ನಾಗಝರಿ ವಿದ್ಯುದಾಗಾರದ ಕಡೆಗೆ ನೀರು ಹರಿಯುವ ಸುರಂಗವನ್ನು ಕೊರೆದಿರುವುದೂ ಕಲ್ಲಿನಲ್ಲಿಯೇ.

ಶಕ್ತಿಯ ವಿಷಯ ಬಂದಾಗ ನೀರು, ಕಲ್ಲಿದ್ದಲು, ಎಣ್ಣೆ, ಯುರೇನಿಯಂಗಳ ಹೆಸರು ಕೇಳಿಬರುತ್ತದೆ. ಕಲ್ಲಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ನೆಲದಡಿಯಿಂದ ಶಕ್ತಿಯನ್ನು ತೆಗೆಯಲು, ತೆಗೆದದ್ದನ್ನು ಕೂಡಿಡಲು, ಉರಿಸಿದ ಮೇಲೆ ಉಳಿದ ಇಂಗಾಲದ ಡೈಆಕ್ಸೈಡನ್ನು ಮತ್ತೆ ನೆಲದೊಳಗೆ ಹೂಳಲು ಕೊನೆಗೆ ನೆಚ್ಚಬೇಕಾದದ್ದು ಕಲ್ಲನ್ನೇ. ಕಲ್ಲು ಎಷ್ಟು ಭಾರ ತಾಳುತ್ತದೆ, ಯಾವಾಗ ಬಿರಿಯುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ಅಳೆದು ಹೇಳುವ ಶಾಸ್ತ್ರಕ್ಕೆ ಶಿಲಾ ಬಲವಿಜ್ಞಾನ ಎಂದು ಹೆಸರು. ಈ ಶಾಸ್ತ್ರ ಕಲಿತ ಪಾಠಗಳಲ್ಲಿ ಕೆಲವು ಕರ್ನಾಟಕದಲ್ಲೂ ಅದರ ನೆರೆಯಲ್ಲೂ ದೊರೆತವು. ಅವಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಅಕ್ಕಿ ಮೂಟೆಯ ಬಲ

ಒಂದು ಘನ ಮೀಟರ್ ಗಟ್ಟಿ ಕಲ್ಲು ಸುಮಾರು 2.7 ಟನ್ ತೂಗುತ್ತದೆ. ಹಾಗಾದರೆ ಒಂದು ಕಿಲೋಮೀಟರ್ ಆಳದಲ್ಲಿರುವ ಕಲ್ಲಿನ ಪ್ರತಿಯೊಂದು ಚದರ ಮೀಟರ್ ಮೇಲೆ 2,700 ಟನ್ ಭಾರ ಕುಳಿತಿರುತ್ತದೆ. ಎರಡು ಕಿಲೋಮೀಟರ್ ಇಳಿದರೆ 5,400 ಟನ್. ಏಳನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಹುದಾದ ಸುಲಭ ಗುಣಾಕಾರವಿದು.

ಇಷ್ಟು ಭಾರ ಬಿದ್ದರೂ ಆಳದ ಕಲ್ಲು ಪುಡಿಯಾಗುವುದಿಲ್ಲ. ಇದರ ಕಾರಣವನ್ನು ಅಡುಗೆಮನೆಯ ಅಕ್ಕಿಯಿಂದಲೇ ತಿಳಿಯಬಹುದು. ನೆಲದ ಮೇಲೆ ಸುರಿದ ಅಕ್ಕಿಯ ರಾಶಿಯ ಮೇಲೆ ಕುಳಿತರೆ ಅಕ್ಕಿ ಪಕ್ಕಕ್ಕೆ ಚೆಲ್ಲಾಪಿಲ್ಲಿಯಾಗುತ್ತದೆ. ಅದೇ ಅಕ್ಕಿಯನ್ನು ಚೀಲಕ್ಕೆ ತುಂಬಿ ಬಾಯಿ ಬಿಗಿದರೆ ಅದರ ಮೇಲೆ ಇನ್ನೂ ಹತ್ತು ಮೂಟೆ ಪೇರಿಸಬಹುದು. ಅಕ್ಕಿ ಬದಲಾಗಿಲ್ಲ. ಚೀಲ ಅದನ್ನು ಎಲ್ಲ ಪಕ್ಕಗಳಿಂದ ಅಮುಕಿ ಹಿಡಿದಿದೆ. ಆಳದ ಕಲ್ಲಿಗೆ ಅಕ್ಕಪಕ್ಕದ ಕಲ್ಲೇ ಚೀಲ. ಮೇಲಿನಿಂದ ಬೀಳುವ ಒತ್ತಡ ಹೆಚ್ಚಿದಷ್ಟೂ ಸುತ್ತಲಿನ ಹಿಡಿತವೂ ಹೆಚ್ಚುತ್ತದೆ.

ಪಕ್ಕದಿಂದ ಬರುವ ಒತ್ತಡಕ್ಕೆ ಇನ್ನೊಂದು ಮೂಲವೂ ಉಂಟು. ಭಾರತ ಉಪಖಂಡ ಕುಳಿತಿರುವ ಶಿಲಾಫಲಕ ಉತ್ತರಕ್ಕೆ ಸರಿಯುತ್ತ ಹಿಮಾಲಯದ ಬುಡವನ್ನು ಒತ್ತುತ್ತಿದೆ. ಗೋಡೆಗೆ ಆನಿಸಿ ತಳ್ಳಿದ ಪೆಟ್ಟಿಗೆಯ ಹಿಂಬದಿಗೂ ಬಿಗಿತ ತಾಗುವಂತೆ, ಆ ಒತ್ತಡ ದಕ್ಷಿಣದ ಕಲ್ಲಿನಲ್ಲಿಯೂ ಇದೆ. ಆದ್ದರಿಂದ ಮಲೆನಾಡಿನ ಕಾಡಿನಡಿಯಲ್ಲಿ ಕದಲದೆ ಮಲಗಿರುವ ಬಂಡೆ ನಿಶ್ಚಿಂತವಾಗಿದೆ ಎಂದುಕೊಳ್ಳಬಾರದು. ಅದು ಎಲ್ಲ ದಿಕ್ಕಿನಿಂದಲೂ ಅಮುಕಿಸಿಕೊಂಡು, ಎಲ್ಲವನ್ನೂ ಸರಿದೂಗಿಸಿಕೊಂಡು ಕುಳಿತಿದೆ. ಮನುಷ್ಯ ಅಲ್ಲಿಗೆ ಕೈಹಾಕಿದಾಗ ಕೆಡುವುದು ಈ ಸಮತೋಲವೇ.

ಕೋಲಾರದ ಪಾಠ

ಹೊಳೆಯ ಮಧ್ಯೆ ಸೇತುವೆಯ ಕಂಬ ನಿಂತಿದ್ದರೆ ನೀರು ಅದರ ಎರಡೂ ಬದಿಗೆ ಒತ್ತಿಕೊಂಡು, ವೇಗ ಹೆಚ್ಚಿಸಿಕೊಂಡು ಹರಿಯುತ್ತದೆ. ಕಲ್ಲಿನಲ್ಲಿ ಸುರಂಗ ಕೊರೆದರೂ ಇಂಥದೇ ಸಂಗತಿ ನಡೆಯುತ್ತದೆ. ತೆಗೆದುಹಾಕಿದ ಕಲ್ಲು ಹೊತ್ತಿದ್ದ ಭಾರ ಎಲ್ಲಿಗೂ ಮಾಯವಾಗುವುದಿಲ್ಲ. ಅದು ಸುರಂಗದ ಅಂಚಿನಲ್ಲಿ ಉಳಿದ ಕಲ್ಲಿನ ಮೇಲೆ ಬಂದು ಕೂರುತ್ತದೆ. ಜರ್ಮನಿಯ ಇಂಜಿನಿಯರ್ ಕಿರ್ಶ್ 1898ರಲ್ಲಿ ಇದರ ಗಣಿತವನ್ನು ಬಿಡಿಸಿದ. ಎಲ್ಲ ಕಡೆಯಿಂದ ಸಮನಾದ ಒತ್ತಡವಿರುವ ಕಡೆ ದುಂಡನೆಯ ರಂಧ್ರ ಕೊರೆದರೆ ರಂಧ್ರದ ಅಂಚಿನಲ್ಲಿ ಒತ್ತಡ ಎರಡರಷ್ಟಾಗುತ್ತದೆ.

ಈ ಲೆಕ್ಕವನ್ನು ಕೋಲಾರದ ಚಿನ್ನದ ಗಣಿಗೆ ಹಾಕಿ ನೋಡೋಣ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಕಲ್ಲಿನ ಮೇಲಿನ ಭಾರ ಚದರ ಮೀಟರಿಗೆ ಸುಮಾರು 8,600 ಟನ್. ಸುರಂಗದ ಅಂಚಿನಲ್ಲಿ ಅದು ಎರಡರಷ್ಟು, ಎಂದರೆ 17,000 ಟನ್ ಮೀರುತ್ತದೆ. ಗಟ್ಟಿ ಶಿಲೆಗಳು ಪ್ರಯೋಗಾಲಯದಲ್ಲಿ ತಾಳುವುದು ಸಾಮಾನ್ಯವಾಗಿ 10,000ದಿಂದ 25,000 ಟನ್. ಕಲ್ಲಿನ ಶಕ್ತಿ ಮತ್ತು ಅದರ ಮೇಲಿನ ಹೊರೆ ಹೀಗೆ ಸರಿಸಮಕ್ಕೆ ಬಂದು ನಿಂತಾಗ, ಅದೂ ಒಂದು ಪಕ್ಕದ ಹಿಡಿತ ಇಲ್ಲದಿರುವಾಗ, ಕಲ್ಲು ಮೆಲ್ಲಗೆ ಬಿರುಕು ಬಿಡುವುದಿಲ್ಲ. ಸಿಡಿಯುತ್ತದೆ. ಇದಕ್ಕೆ ಶಿಲಾಸ್ಫೋಟ ಎನ್ನುತ್ತಾರೆ. ಮದ್ದಿಲ್ಲ, ಕಿಡಿಯಿಲ್ಲ, ಎದುರಿನ ಗೋಡೆ ಒಮ್ಮೆಗೇ ಚೂರುಚೂರಾಗಿ ಹಾರಿಬರುತ್ತದೆ. ಕೋಲಾರದ ಗಣಿಗಳಲ್ಲಿ ದುಡಿದು ಮೇಲೆ ಬಾರದೆ ಹೋದ ಎಷ್ಟೋ ಕಾರ್ಮಿಕರನ್ನು ಬಲಿ ತೆಗೆದುಕೊಂಡದ್ದು ಈ ಸ್ಫೋಟ. ದೊಡ್ಡ ಸ್ಫೋಟಗಳ ಅದುರು ನೆಲದ ಮೇಲಿನ ಮನೆಗಳಿಗೂ ತಟ್ಟುತ್ತಿತ್ತು.

ಗಣಿಯವರು ಇದರಿಂದ ಪಾಠ ಕಲಿತರು. ಕಲ್ಲನ್ನು ತೆಗೆಯುವ ಕ್ರಮವನ್ನು ಬದಲಿಸಿದರು. ಬರಿದಾದ ಜಾಗವನ್ನು ತುಂಬುತ್ತ ಹೋದರು. ಕಲ್ಲಿನೊಳಗಿನ ಸಣ್ಣ ಸದ್ದುಗಳನ್ನು ಆಲಿಸುವ ಉಪಕರಣಗಳನ್ನು ಹೂಳಿ, ಯಾವ ಭಾಗ ಮುನಿಯುತ್ತಿದೆ ಎಂದು ಹುಡುಕಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಬಲವಿಜ್ಞಾನ ಸಂಸ್ಥೆ ಹುಟ್ಟಿದ್ದು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿಯೇ. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿ ಬೆಳೆದ ವಿದ್ಯೆ ಮಾತ್ರ ದೇಶದ ಜಲವಿದ್ಯುತ್ ಸುರಂಗಗಳಿಗೂ ಇತರ ಗಣಿಗಳಿಗೂ ನೆರವಾಯಿತು. ಚಿನ್ನ ಮುಗಿದ ಮೇಲೂ ಉಳಿದ ಸಂಪತ್ತು ಎಂದರೆ ಇದೇ.

ಜಾರುವ ಲೋಟ

ನೆಲದಡಿಯಿಂದ ಕಲ್ಲನ್ನು ಹೊರತೆಗೆದಾಗ ಆಗುವುದು ಹೀಗೆ. ನೆಲದೊಳಕ್ಕೆ ನೀರನ್ನು ನುಗ್ಗಿಸಿದಾಗ ಏನಾಗುತ್ತದೆ? ಇದಕ್ಕೆ ಒಂದು ಸಣ್ಣ ಪ್ರಯೋಗ ಸಾಕು. ಸ್ಟೀಲ್ ಲೋಟವನ್ನು ಬಿಸಿನೀರಿನಲ್ಲಿ ತೊಳೆದು, ನುಣುಪಾದ ಒದ್ದೆ ಕಟ್ಟೆಯ ಮೇಲೆ ಬೋರಲಾಗಿ ಇಡಬೇಕು. ಕಟ್ಟೆ ಸ್ವಲ್ಪ ಇಳಿಜಾರಾಗಿದ್ದರೆ ಲೋಟ ಎಷ್ಟೋ ಸಲ ತಾನಾಗಿ ಸರಿದುಹೋಗುತ್ತದೆ. ಅಜ್ಜಿಯರು ಇದನ್ನು ದಿನವೂ ನೋಡಿರುತ್ತಾರೆ.

ಲೋಟದೊಳಗೆ ಸಿಕ್ಕಿಕೊಂಡ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಅಂಚಿನ ಸುತ್ತ ನೀರಿನ ತೆರೆ ಇರುವುದರಿಂದ ಹೊರಗೆ ಹೋಗಲಾಗದೆ ಲೋಟವನ್ನು ಕೂದಲೆಳೆಯಷ್ಟು ಮೇಲಕ್ಕೆ ಎತ್ತುತ್ತದೆ. ಲೋಟದ ತೂಕ ಕಡಿಮೆಯಾಗಿಲ್ಲ. ಆದರೆ ಆ ತೂಕದ ಒಂದು ಪಾಲನ್ನು ಗಾಳಿ ಹೊತ್ತುಕೊಂಡದ್ದರಿಂದ ಅಂಚಿಗೂ ಕಟ್ಟೆಗೂ ನಡುವಿನ ಒತ್ತು ಕಡಿಮೆಯಾಯಿತು. ಒತ್ತು ಕಡಿಮೆಯಾದರೆ ಘರ್ಷಣೆ ಕಡಿಮೆ. ಘರ್ಷಣೆ ಕಡಿಮೆಯಾದರೆ ಜಾರುವುದು ಸುಲಭ. 1959ರಲ್ಲಿ ಅಮೆರಿಕದ ಹಬರ್ಟ್ ಮತ್ತು ರೂಬಿ ಎಂಬ ವಿಜ್ಞಾನಿಗಳು ಬೆಟ್ಟದಷ್ಟು ದೊಡ್ಡ ಶಿಲಾಪದರಗಳು ಹೇಗೆ ಸರಿಯುತ್ತವೆ ಎಂಬುದನ್ನು ವಿವರಿಸುವಾಗ ಖಾಲಿ ಡಬ್ಬಿಯೊಂದನ್ನು ಹೀಗೆಯೇ ಜಾರಿಸಿ ತೋರಿಸಿದ್ದರು. ಮಣ್ಣಿನ ಕಣಗಳ ನಡುವೆ ನೀರು ಇದೇ ಕೆಲಸ ಮಾಡುತ್ತದೆ ಎಂಬುದನ್ನು ಅದಕ್ಕೂ ಮೊದಲು, 1920ರ ದಶಕದಲ್ಲಿ, ಟೆರ್ಜಾಗಿ ಎಂಬ ಇಂಜಿನಿಯರ್ ಕಂಡುಕೊಂಡಿದ್ದ.

ಭೂಮಿಯೊಳಗಿನ ಹಳೆಯ ಬಿರುಕಿನ ಎರಡು ಮುಖಗಳನ್ನು ಲೋಟ ಮತ್ತು ಕಟ್ಟೆ ಎಂದು ಭಾವಿಸಿ. ಬಿರುಕಿಗೆ ಇಳಿದ ನೀರು ಎರಡೂ ಮುಖಗಳನ್ನು ದೂಡಿ ಅವುಗಳ ಹಿಡಿತವನ್ನು ಸಡಿಲಿಸುತ್ತದೆ. ಬಿರುಕು ಆಗಲೇ ಜಾರುವ ಅಂಚಿನಲ್ಲಿದ್ದರೆ ಜಾರಿಯೇ ಬಿಡುತ್ತದೆ. ಆ ಜಾರುವಿಕೆಯೇ ಭೂಕಂಪ.

ಕೊಯ್ನಾ ಮತ್ತು ಸೂಪಾ

ರಾಮನಗರದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ಉತ್ತರದಲ್ಲಿ, ಅದೇ ಸಹ್ಯಾದ್ರಿಯ ಮೈಮೇಲೆ, ಮಹಾರಾಷ್ಟ್ರದ ಕೊಯ್ನಾ ಜಲಾಶಯವಿದೆ. ಅಣೆಕಟ್ಟಿನ ಎತ್ತರ 103 ಮೀಟರ್, ಸೂಪಾದಷ್ಟೇ ಎನ್ನಬಹುದು. ಅಲ್ಲಿ 1962ರಲ್ಲಿ ನೀರು ನಿಲ್ಲಿಸತೊಡಗಿದ ಮೇಲೆ ನೆಲ ಆಗಾಗ ಅದುರಲು ಶುರುವಾಯಿತು. 1967ರ ಡಿಸೆಂಬರ್ 11ರ ನಸುಕಿನಲ್ಲಿ, ಜನ ಇನ್ನೂ ಮಲಗಿದ್ದಾಗ, 6.3 ಪ್ರಮಾಣದ ಭೂಕಂಪ ಕೊಯ್ನಾನಗರವನ್ನು ನೆಲಸಮ ಮಾಡಿತು. ಸತ್ತವರು ಸುಮಾರು 180 ಮಂದಿ. ಜಲಾಶಯದ ಕಾರಣದಿಂದ ಪ್ರಚೋದನೆಗೊಂಡ ಭೂಕಂಪಗಳಲ್ಲಿ ಇದು ಜಗತ್ತಿಗೇ ಉದಾಹರಣೆಯಾಯಿತು.

ಇಲ್ಲಿಯೂ ಒಂದು ಲೆಕ್ಕ ಮಾಡಿ ನೋಡಬಹುದು. ನೂರು ಮೀಟರ್ ನೀರು ಒಂದು ಚದರ ಮೀಟರಿನ ಮೇಲೆ ಹೇರುವುದು 100 ಟನ್. ಐದು ಕಿಲೋಮೀಟರ್ ಆಳದ ಕಲ್ಲಿನ ಮೇಲೆ ಮೊದಲಿನಿಂದಲೂ ಇರುವ ಭಾರ 13,500 ಟನ್. ಹೊಸ ಹೊರೆ ನೂರಕ್ಕೆ ಒಂದು ಪಾಲೂ ಇಲ್ಲ. ಇಷ್ಟಕ್ಕೇ ಭೂಕಂಪವಾಗುವುದೇ ಎಂದು ಸಂಶಯ ಬರುವುದು ಸಹಜ. ಆದರೆ ಕಂಠಮಟ್ಟ ಹೇರಿದ ಗಾಡಿಯ ಅಚ್ಚು ಮುರಿಯಲು ಕೊನೆಯ ಒಂದು ಪುಟ್ಟ ಗಂಟು ಸಾಕು. ಕೊಯ್ನಾದ ಅಡಿಯಲ್ಲಿದ್ದ ಹಳೆಯ ಸ್ತರಭಂಗ ಯುಗಯುಗಗಳ ಬಿಗಿತದಿಂದ ಜಾರಲು ಸಿದ್ಧವಾಗಿಯೇ ಇತ್ತು. ನೀರಿನ ತೂಕ ಮತ್ತು ಬಿರುಕುಗಳೊಳಗೆ ಹರಡಿದ ನೀರಿನ ಒತ್ತಡ ಅದಕ್ಕೆ ನೆಪವಾದವು.

ಈಗ ಸೂಪಾವನ್ನು ನೆನೆಯಿರಿ. ಅದರ ಎತ್ತರ ಹೆಚ್ಚುಕಡಿಮೆ ಅಷ್ಟೇ. ಅದು ಹಿಡಿದಿಡುವ ನೀರು ಕೊಯ್ನಾಕ್ಕಿಂತ ಹೆಚ್ಚು. ಆದರೂ ಅಲ್ಲಿ ಕೊಯ್ನಾದಂಥ ಅನಾಹುತ ನಡೆದಿಲ್ಲ. ಜಗತ್ತಿನಲ್ಲಿರುವ ಸಾವಿರಾರು ದೊಡ್ಡ ಜಲಾಶಯಗಳಲ್ಲಿ ನೆಲ ನಡುಗಿಸಿದವು ನೂರರ ಆಸುಪಾಸಿನಲ್ಲಿವೆ. ಭಾರ ಒಂದೇ, ಕಲ್ಲು ಬೇರೆ. ಕಲ್ಲಿನ ಒಳಗಿನ ಬಿರುಕುಗಳು ಬೇರೆ, ಅವು ಹೊತ್ತ ಬಿಗಿತ ಬೇರೆ. ಒಂದು ಊರಿನ ಕಲ್ಲು ತಾಳಿತೆಂದು ಇನ್ನೊಂದು ಊರಿನ ಕಲ್ಲು ತಾಳುತ್ತದೆ ಎನ್ನುವಂತಿಲ್ಲ. ಒಂದು ಕಡೆ ಕೆಟ್ಟಿತೆಂದು ಎಲ್ಲ ಕಡೆಯೂ ಕೆಡುತ್ತದೆ ಎನ್ನುವಂತೆಯೂ ಇಲ್ಲ. ಆಯಾ ಊರಿನ ಕಲ್ಲನ್ನೇ ಕೇಳಿ ನೋಡಬೇಕು.

ಕಲ್ಲನ್ನು ಕೇಳುವುದು ಹೇಗೆ? ಮೊದಲು ಆಳಕ್ಕೆ ಕೊಳವೆ ಇಳಿಸಿ ಕಲ್ಲಿನ ದಿಂಡುಗಳನ್ನು ಮೇಲೆ ತಂದು, ಯಂತ್ರದಲ್ಲಿ ಅಮುಕಿ, ಎಷ್ಟಕ್ಕೆ ಒಡೆಯುತ್ತದೆ ಎಂದು ನೋಡುತ್ತಾರೆ. ಆಮೇಲೆ ಕೊಳವೆಬಾವಿಯ ಒಂದು ತುಂಡನ್ನು ಮೇಲೂ ಕೆಳಗೂ ಬಿಗಿಯಾಗಿ ಮುಚ್ಚಿ, ನಡುವೆ ನೀರಿನ ಒತ್ತಡವನ್ನು ಏರಿಸುತ್ತ, ಕಲ್ಲು ಯಾವ ಒತ್ತಡಕ್ಕೆ ಬಾಯಿ ಬಿಡುತ್ತದೆ, ಯಾವ ದಿಕ್ಕಿಗೆ ಸೀಳುತ್ತದೆ ಎಂದು ಅಳೆಯುತ್ತಾರೆ. ಇದರಿಂದ ಒಳಗಿನ ಬಿಗಿತದ ಪ್ರಮಾಣವೂ ದಿಕ್ಕೂ ತಿಳಿಯುತ್ತವೆ. ಕೊನೆಯದಾಗಿ ಸುತ್ತಲೂ ಭೂಕಂಪಮಾಪಕಗಳನ್ನು ಇಟ್ಟು ಸಣ್ಣ ಮಿಡಿತಗಳನ್ನೂ ಬರೆದಿಡುತ್ತಾರೆ. ಕೊಯ್ನಾ ಪ್ರದೇಶದ ಗೋಠಣೆಯಲ್ಲಿ 2017ರ ಹೊತ್ತಿಗೆ 3,000 ಮೀಟರ್ ಆಳದ ಕೊಳವೆಬಾವಿ ಕೊರೆದದ್ದು ಇಂಥ ಉದ್ದೇಶಕ್ಕೇ. ಮೇಲಿನ ಒಂದು ಕಿಲೋಮೀಟರಿಗೂ ಹೆಚ್ಚು ಭಾಗ ಬಸಾಲ್ಟ್ ಎಂಬ ಕಪ್ಪು ಲಾವಾ ಶಿಲೆ, ಅದರ ಕೆಳಗೆ ಪುರಾತನ ಗ್ರಾನೈಟ್ ಜಾತಿಯ ಕಲ್ಲು ಎಂಬುದು ಅದರಿಂದ ಸ್ಪಷ್ಟವಾಯಿತು. ಭೂಕಂಪಗಳು ಹುಟ್ಟುವುದು ಕೆಳಗಿನ ಈ ಕಲ್ಲಿನಲ್ಲಿ.

ಕೇಳದೆ ಹೋದವರು, ಕೇಳಿ ಮಾಡಿದವರು

ಅಮೆರಿಕದ ಡೆನ್ವರ್ ನಗರದ ಬಳಿ ಸೇನೆಯ ಕಾರ್ಖಾನೆಯೊಂದು 1962ರಲ್ಲಿ ತನ್ನ ವಿಷದ್ರವವನ್ನು 3,671 ಮೀಟರ್ ಆಳದ ಬಾವಿಗೆ ತುಂಬತೊಡಗಿತು. ಊರು ಆಗಾಗ ನಡುಗತೊಡಗಿತು. ದ್ರವ ತುಂಬಿದ ತಿಂಗಳುಗಳಲ್ಲಿ ಕಂಪನ ಹೆಚ್ಚು, ನಿಲ್ಲಿಸಿದಾಗ ಕಡಿಮೆ. 1966ರಲ್ಲಿ ಪಂಪನ್ನು ನಿಲ್ಲಿಸಿದರು. ಆದರೆ ಎಲ್ಲಕ್ಕಿಂತ ದೊಡ್ಡ ಕಂಪನ ಬಂದದ್ದು ನಿಲ್ಲಿಸಿದ ಮರುವರ್ಷ, 1967ರಲ್ಲಿ. ಪಂಪು ನಿಂತರೂ ಒಳಗಿನ ಒತ್ತಡ ಮೆಲ್ಲಮೆಲ್ಲಗೆ ದೂರದ ಬಿರುಕುಗಳಿಗೆ ಹರಡುತ್ತಲೇ ಇತ್ತು. ಕಲ್ಲಿಗೆ ಕೊಟ್ಟ ಪೆಟ್ಟಿನ ಮರುದನಿ ತಡವಾಗಿ ಕೇಳಿಸುವುದೂ ಉಂಟು.

ಭೂಮಿಯ ಒಳಗಿನ ಶಾಖದಿಂದ ವಿದ್ಯುತ್ ಪಡೆಯುವ ಯತ್ನಗಳಲ್ಲಿಯೂ ಈ ಎಚ್ಚರಿಕೆಯ ಮಾತು ಬಂದಿದೆ. ಆಳದ ಬಿಸಿ ಕಲ್ಲಿಗೆ ನೀರು ನುಗ್ಗಿಸಿ, ಸೀಳುಗಳನ್ನು ಅಗಲಿಸಿ, ಬಿಸಿನೀರನ್ನು ಮತ್ತೆ ಮೇಲೆ ತರುವುದು ಇದರ ಕ್ರಮ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 2006ರಲ್ಲಿ ಹೀಗೆ ನೀರು ನುಗ್ಗಿಸಿದಾಗ 3.4 ಪ್ರಮಾಣದ ಕಂಪನವಾಗಿ ಯೋಜನೆಯನ್ನೇ ಕೈಬಿಟ್ಟರು. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ 2017ರ ನವೆಂಬರ್ 15ರಂದು 5.5 ಪ್ರಮಾಣದ ಭೂಕಂಪವಾಗಿ ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅಂಥದೇ ಯೋಜನೆಯ ನೀರು ಇದಕ್ಕೆ ಕಾರಣ ಎಂದು ಸರ್ಕಾರ ನೇಮಿಸಿದ ತಜ್ಞರ ತಂಡ 2019ರಲ್ಲಿ ತೀರ್ಮಾನಿಸಿತು.

ಹಾಗೆಂದು ನೀರಿನ ಒತ್ತಡ ಯಾವಾಗಲೂ ವೈರಿಯಲ್ಲ. ಇದನ್ನು ತಿಳಿಯಲು ಉಡುಪಿ ಜಿಲ್ಲೆಯ ಪಾದೂರಿಗೆ ಬಂದರೆ ಸಾಕು. ದೇಶಕ್ಕೆ ಎಣ್ಣೆಯ ಪೂರೈಕೆ ನಿಂತುಹೋದರೆ ಆಪತ್ತಿಗೆ ಇರಲಿ ಎಂದು ಕಚ್ಚಾ ತೈಲವನ್ನು ನೆಲದಡಿಯ ಗುಹೆಗಳಲ್ಲಿ ಕೂಡಿಡಲಾಗಿದೆ. ಪಾದೂರಿನ ಗುಹೆಗಳು 25 ಲಕ್ಷ ಟನ್, ಮಂಗಳೂರಿನವು 15 ಲಕ್ಷ ಟನ್, ವಿಶಾಖಪಟ್ಟಣದವು 13.3 ಲಕ್ಷ ಟನ್ ಹಿಡಿಯುತ್ತವೆ. ದೇಶದ ಈ ಮೊದಲ ಮೂರು ಉಗ್ರಾಣಗಳಲ್ಲಿ ಎರಡು ಕರ್ನಾಟಕದ ಕರಾವಳಿಯಲ್ಲಿವೆ.

ಹತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರದ ಈ ಗುಹೆಗಳ ಗೋಡೆಗೆ ಉಕ್ಕಿನ ಹೊದಿಕೆಯಿಲ್ಲ. ಎಣ್ಣೆ ಕಲ್ಲಿಗೇ ತಾಗಿಕೊಂಡಿದೆ. ಕಲ್ಲಿನಲ್ಲಿ ಸಣ್ಣ ಸೀಳುಗಳು ಇದ್ದೇ ಇರುತ್ತವೆ. ಎಣ್ಣೆ ಸೋರಿ ಹೋಗದೇ? ಗುಹೆಯ ಮೇಲ್ಭಾಗದಲ್ಲಿ ಇನ್ನೊಂದು ಸಣ್ಣ ಸುರಂಗ ಕೊರೆದು, ಅದರಿಂದ ಸಾಲಾಗಿ ರಂಧ್ರಗಳನ್ನು ಹಾಕಿ, ಯಾವಾಗಲೂ ನೀರು ತುಂಬಿಡುತ್ತಾರೆ. ಸೀಳುಗಳಲ್ಲಿನ ನೀರಿನ ಒತ್ತಡ ಒಳಗಿನ ಎಣ್ಣೆ ಮತ್ತು ಅದರ ಆವಿಯ ಒತ್ತಡಕ್ಕಿಂತ ಹೆಚ್ಚಾಗಿರುತ್ತದೆ. ಆದ್ದರಿಂದ ಎಣ್ಣೆ ಹೊರಗೆ ಹೋಗುವ ಬದಲು ನೀರೇ ತೊಟ್ಟುತೊಟ್ಟಾಗಿ ಒಳಗೆ ಜಿನುಗುತ್ತದೆ. ಎಣ್ಣೆಗಿಂತ ಭಾರವಾದ ಆ ನೀರು ತಳದಲ್ಲಿ ನಿಲ್ಲುತ್ತದೆ, ಅದನ್ನು ಪಂಪಿನಿಂದ ತೆಗೆಯುತ್ತಾರೆ. ಇದಕ್ಕೆ ನೀರಿನ ಪರದೆ ಎಂದು ಹೆಸರು. ಕೊಯ್ನಾದಲ್ಲಿ ಬಿರುಕನ್ನು ಸಡಿಲಿಸಿದ ಒತ್ತಡವೇ ಪಾದೂರಿನಲ್ಲಿ ಬಿರುಕಿನ ಬಾಗಿಲು ಕಾಯುತ್ತಿದೆ. ವ್ಯತ್ಯಾಸವಿಷ್ಟೆ: ಇಲ್ಲಿ ಒತ್ತಡ ಅಳತೆಯಲ್ಲಿದೆ, ಅಳೆಯುವವರು ಹಗಲಿರುಳೂ ಇದ್ದಾರೆ.

ಗಾಳಿ ಕಲ್ಲಾದಾಗ

ಇನ್ನು ಇಂಗಾಲದ ಮಾತು. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ವಾತಾವರಣವನ್ನು ಬಿಸಿ ಮಾಡುತ್ತಿದೆ. ಅದನ್ನು ಚಿಮಣಿಯಲ್ಲಿಯೇ ಹಿಡಿದು ನೆಲದೊಳಗೆ ಇಡುವ ಯತ್ನಗಳು ನಡೆದಿವೆ. ನೆಲದ ಮೇಲೆ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸುಮಾರು 550 ಘನ ಮೀಟರ್ ಜಾಗ ಬೇಕು. 800 ಮೀಟರಿಗಿಂತ ಆಳಕ್ಕೆ ಇಳಿಸಿದರೆ ಅಲ್ಲಿನ ಒತ್ತಡಕ್ಕೆ ಅದು ಕುಗ್ಗಿ, ದ್ರವದಷ್ಟು ಸಾಂದ್ರವಾಗಿ, ಎರಡು ಘನ ಮೀಟರಿಗಿಂತಲೂ ಕಡಿಮೆ ಜಾಗದಲ್ಲಿ ಕೂರುತ್ತದೆ. ನಾರ್ವೆ ದೇಶ 1996ರಿಂದ ಉತ್ತರ ಸಮುದ್ರದ ಸ್ಲೈಪ್ನರ್ ಎಂಬಲ್ಲಿ ಹೀಗೆ ಮರಳುಗಲ್ಲಿನ ಪದರಕ್ಕೆ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ ಇಳಿಸುತ್ತ ಬಂದಿತು. ಮರಳುಗಲ್ಲಿನ ಮೇಲೆ ಜೇಡಿಗಲ್ಲಿನ ದಪ್ಪ ಮುಚ್ಚಳವಿದೆ.

ಬಸಾಲ್ಟ್ ಶಿಲೆಯ ದಾರಿ ಇನ್ನೂ ಸ್ವಾರಸ್ಯಕರ. ಐಸ್‌ಲ್ಯಾಂಡಿನ ಹೆಲ್ಲಿಷೈದಿ ಎಂಬಲ್ಲಿ 2012ರಲ್ಲಿ ಸುಮಾರು 250 ಟನ್ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್‌ಗೆ ಇಳಿಸಿದರು. ಸೋಡಾದಂತೆ ಹುಳಿಯಾದ ಆ ನೀರು ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣಗಳನ್ನು ಕರಗಿಸಿಕೊಂಡಿತು. ಅವು ಇಂಗಾಲದೊಂದಿಗೆ ಕೂಡಿ ಕಾರ್ಬೊನೇಟ್ ಕಲ್ಲಾದವು. ಎರಡು ವರ್ಷದೊಳಗೆ ಶೇಕಡ 95ರಷ್ಟು ಇಂಗಾಲ ಹೀಗೆ ಗಟ್ಟಿಯಾಯಿತೆಂದು 2016ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನಿಗಾ ಬಾವಿಯೊಳಗಿನ ಪಂಪಿಗೂ ಸುಣ್ಣಗಲ್ಲು ಕಟ್ಟಿಕೊಂಡಿತ್ತು. ಅನಿಲವಾಗಿದ್ದರೆ ಎಂದಾದರೂ ಸೋರೀತೆಂಬ ಭಯ. ಕಲ್ಲಾದ ಮೇಲೆ ಸೋರುವುದೇನು ಬಂತು?

ಈ ಸುದ್ದಿ ಕನ್ನಡಿಗರ ಗಮನ ಸೆಳೆಯಲು ಕಾರಣವಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿಹರಿದ ಲಾವಾದಿಂದಾದ ದಖ್ಖನ್ ಬಸಾಲ್ಟ್ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ. ಅದರ ದಕ್ಷಿಣದ ಅಂಚು ರಾಮನಗರದ ಉತ್ತರಕ್ಕೆ, ಬೆಳಗಾವಿಯ ಸುತ್ತಮುತ್ತ ಬಂದು ನಿಲ್ಲುತ್ತದೆ. ವಿಜಯಪುರದ ಗೋಲಗುಮ್ಮಟ ಕಟ್ಟಿರುವುದು ಇದೇ ಕಪ್ಪು ಕಲ್ಲಿನಿಂದ. ಇದರಲ್ಲಿ ಇಂಗಾಲವನ್ನು ಹೂಳಬಹುದೇ ಎಂದು ವಿಜ್ಞಾನಿಗಳು ಅಧ್ಯಯನ ಮಾಡುತ್ತಿದ್ದಾರೆ.

ಆಸೆ ಪಡುವುದಕ್ಕೆ ಅಡ್ಡಿಯಿಲ್ಲ; ಆದರೆ ಲೆಕ್ಕ ಮರೆಯಬಾರದು. 1,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಪೂರ್ಣ ಶಕ್ತಿಯಲ್ಲಿ ನಡೆದರೆ ಗಂಟೆಗೆ ಸುಮಾರು 1,000 ಟನ್ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಐಸ್‌ಲ್ಯಾಂಡಿನ ಆ ಪ್ರಯೋಗದ 250 ಟನ್ ಎಂದರೆ ಅದರ ಕಾಲು ಗಂಟೆಯ ಹೊಗೆ. ಒಂದು ಟನ್ ಕರಗಿಸಲು ಬೇಕಾದ ನೀರು ಸುಮಾರು 25 ಟನ್. ಬಿಜಾಪುರ, ಕಲಬುರಗಿಗಳ ಬಯಲಿನಲ್ಲಿ ಆ ನೀರು ಎಲ್ಲಿಂದ ಬರಬೇಕು? ಒಂದು ಟನ್ ಅನಿಲ ಕಲ್ಲಾದರೆ ಎರಡೂಕಾಲು ಟನ್ ಸುಣ್ಣಗಲ್ಲಾಗುತ್ತದೆ. ಅದು ಶಿಲೆಯ ರಂಧ್ರಗಳನ್ನೇ ಮುಚ್ಚಿದರೆ ಮುಂದಿನ ಟನ್ನಿಗೆ ದಾರಿಯೆಲ್ಲಿ? ದಾರಿ ಸಾಲದೆ ಹೆಚ್ಚು ಒತ್ತಡದಿಂದ ನುಗ್ಗಿಸಿದರೆ ಜಾರುವ ಲೋಟದ ಪ್ರಶ್ನೆ ಎದುರಾಗುತ್ತದೆ. ಅದೇ ಹೆಲ್ಲಿಷೈದಿಯ ಸಮೀಪ, 2011ರಲ್ಲಿ, ಬಳಸಿದ ನೀರನ್ನು ಮತ್ತೆ ನೆಲಕ್ಕೆ ಇಳಿಸಿದಾಗ ಸುಮಾರು 4ರ ಪ್ರಮಾಣದ ಕಂಪನಗಳಾಗಿದ್ದವು. ಇತ್ತ ಕೊಯ್ನಾ ಇರುವುದೂ ದಖ್ಖನ್ ಬಸಾಲ್ಟ್ ಪ್ರದೇಶದಲ್ಲಿಯೇ. ಇಂಗಾಲವನ್ನು ಕಲ್ಲಾಗಿಸುವ ಶಿಲೆ ಮೇಲೆ, ನಡುಗಬಲ್ಲ ಶಿಲೆ ಕೆಳಗೆ. ಎಲ್ಲಿ ಎಷ್ಟು ದೂರ, ಎಷ್ಟು ಬಿಗಿತ ಎಂಬುದನ್ನು ಅಳೆಯದೆ ಒಂದು ಟನ್ ಕೂಡ ಇಳಿಸಲಾಗದು.

ಮುಂದೊಂದು ದಿನ ಯಾವುದೋ ಊರಿನಲ್ಲಿ ಇಂಥ ಯೋಜನೆಯ ಫಲಕ ನೆಟ್ಟಾಗ ಊರವರು ಕೇಳಬೇಕಾದ ಪ್ರಶ್ನೆಗಳು ಕಠಿಣವಾದವೇನಲ್ಲ. ಎಷ್ಟು ಆಳಕ್ಕೆ ಇಳಿಸುತ್ತೀರಿ? ಎಷ್ಟು ಒತ್ತಡದಲ್ಲಿ? ಇಲ್ಲಿನ ಕಲ್ಲು ಎಷ್ಟಕ್ಕೆ ಬಾಯಿ ಬಿಡುತ್ತದೆಂದು ಅಳೆದಿದ್ದೀರಾ? ಹತ್ತಿರದ ಹಳೆಯ ಸ್ತರಭಂಗ ಎಲ್ಲಿದೆ? ಭೂಕಂಪಮಾಪಕದ ದಾಖಲೆ ಊರಿಗೂ ಸಿಗುವುದೇ? ಎಷ್ಟು ಅದುರಿದರೆ ಪಂಪು ನಿಲ್ಲಿಸುತ್ತೀರಿ? ಪಂಪು ನಿಂತ ಮೇಲೆ ಎಷ್ಟು ವರ್ಷ ನಿಗಾ ಇಡುತ್ತೀರಿ? ಒತ್ತಡ, ಘರ್ಷಣೆ, ಸಾಂದ್ರತೆಗಳ ಪಾಠವನ್ನು ಅಂಕಕ್ಕಾಗಿ ಮಾತ್ರ ಓದದ ವಿದ್ಯಾರ್ಥಿ ಈ ಪ್ರಶ್ನೆಗಳನ್ನು ಕೇಳಬಲ್ಲ, ಸಿಕ್ಕ ಉತ್ತರವನ್ನು ತೂಗಿ ನೋಡಬಲ್ಲ. ಮನೆಯಲ್ಲಿ ಹೆತ್ತವರಿಗೂ ತಿಳಿಹೇಳಬಲ್ಲ.

ರಾಮನಗರದ ಹಿರಿಯರು ನಾಡಿನ ಬೆಳಕಿಗಾಗಿ ಒಂದು ಸಲ ಊರನ್ನೇ ಬಿಟ್ಟುಕೊಟ್ಟವರು. ಆಗ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ನೆಲದಡಿಯ ಒತ್ತಡ ಎಲ್ಲಿಯವರೆಗೆ ಹರಡುತ್ತದೆ ಎಂಬುದು ಹಾಗೆ ಕಾಣುವುದಿಲ್ಲ. ಕಾಣದ್ದನ್ನು ಅಳೆದೇ ತಿಳಿಯಬೇಕು. ಇವತ್ತು ಸಂಜೆ ಬಿಸಿನೀರಿನಲ್ಲಿ ಲೋಟ ತೊಳೆದು ಒದ್ದೆ ಕಟ್ಟೆಯ ಮೇಲೆ ಬೋರಲು ಹಾಕಿ ನೋಡಿ. ಸ್ವಲ್ಪ ಇಳಿಜಾರಿದ್ದ ಕಡೆ ಜಾರುತ್ತದೆ, ಸಮತಟ್ಟಾದ ಕಡೆ ನಿಲ್ಲುತ್ತದೆ. ಲೋಟ ಒಂದೇ, ಬಿಸಿಯೂ ಒಂದೇ. ಕಟ್ಟೆ ಹೇಗಿದೆ ಎಂಬುದನ್ನು ಮೊದಲೇ ನೋಡಿಕೊಂಡವರ ಮನೆಯಲ್ಲಿ ಲೋಟ ಬೀಳುವುದಿಲ್ಲ.